ಸ್ಕಿಜೋಫ್ರೇನಿಯಾ ಇಪ್ಪತ್ತರ ಆಸುಪಾಸಿನಲ್ಲೇ ಯಾಕೆ?

ಪಿಯುಸಿವರೆಗೂ ಚೆನ್ನಾಗಿ ಓದುತ್ತಿದ್ದ ಹುಡುಗ ಡಿಗ್ರಿಗೆ ಬಂದಮೇಲೆ ಬಾಗಿಲು ಹಾಕಿಕೊಂಡು ಕೂರತೊಡಗುತ್ತಾನೆ. ಯಾರೂ ಇಲ್ಲದಾಗಲೂ ಯಾರೋ ತನ್ನನ್ನು ಬೈಯುತ್ತಿದ್ದಾರೆ ಎನ್ನುತ್ತಾನೆ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಹೀಗೆ ಶುರುವಾಗುವುದುಂಟು. ನಮ್ಮ ಮಂಡ್ಯದ ಕಡೆ ಇಂಥ ಮನೆಗೆ ಮೊದಲು ಬರುವ ಮಾತು, 'ಯಾರೋ ಮಾಡಿಸವ್ರೆ ಕಣಮ್ಮ'. ಎರಡನೆಯದು, 'ಒಂದು ಮದುವೆ ಮಾಡಿ, ಸರಿಹೋಯ್ತಾನೆ'. ನನಗೆ ಎರಡನೆಯದರ ಭಯವೇ ಜಾಸ್ತಿ. ಅದರಲ್ಲಿ ಇನ್ನೊಂದು ಮನೆಯ ಹುಡುಗಿಯೂ ಸಿಕ್ಕಿಕೊಳ್ಳುತ್ತಾಳೆ.

ಮಾಟದ ಮಾತಿನ ಹಿಂದೆ ಮಾತ್ರ ಒಂದು ನ್ಯಾಯವಾದ ಪ್ರಶ್ನೆ ಇದೆ. ಈ ಕಾಯಿಲೆಗೆ ಜೀನೂ ಒಂದು ಕಾರಣ ಅಂತಾರೆ, ಅದು ಹುಟ್ಟಿನಿಂದಲೇ ಇರುತ್ತದೆ ಅಲ್ವಾ? ಹಾಗಾದರೆ ಇಷ್ಟು ವರ್ಷ ಸುಮ್ಮನಿದ್ದ ಕಾಯಿಲೆ ಈಗ ಯಾಕೆ ಎದ್ದಿತು?

ರಾಗಿಯನ್ನು ಒತ್ತಾಗಿ ಬಿತ್ತಿ, ಆಮೇಲೆ ಕುಂಟೆ ಹೊಡೆದು ಹೆಚ್ಚಾದ ಪೈರು ತೆಗೆಯುತ್ತಾರಲ್ಲ, ಮಿದುಳೂ ಹಾಗೇ. ಬಾಲ್ಯದಲ್ಲಿ ನರಕೋಶಗಳ ನಡುವೆ ಬೇಕಾದ್ದಕ್ಕಿಂತ ಜಾಸ್ತಿ ಕೊಂಡಿಗಳು ಬೆಳೆಯುತ್ತವೆ. ಹರೆಯದಲ್ಲಿ, ಅದರಲ್ಲೂ ಹಣೆಯ ಹಿಂದಿನ ಭಾಗದಲ್ಲಿ, ಬಳಕೆಯಿಲ್ಲದವು ಕಳಚಿ ಹೋಗುತ್ತವೆ. ಕುಂಟೆ ಅತಿಯಾದರೆ? ಹೊಲ ಬೋಳು. 1982ರಲ್ಲೇ ಅಮೆರಿಕದ ಸಂಶೋಧಕ ಇರ್ವಿನ್ ಫೈನ್‌ಬರ್ಗ್ ಈ ಕಾಯಿಲೆಗೆ ಇಂಥ ಎಡವಟ್ಟೇ ಕಾರಣವಿರಬಹುದು ಎಂದು ಊಹಿಸಿದ್ದರು. ಆಗ ಅವರ ಕೈಯಲ್ಲಿ ಒಂದು ಜೀನೂ ಇರಲಿಲ್ಲ.

ಆ ಊಹೆಗೆ ತಾಳೆಯಾಗುವ ಜೀನ್ ಸಿಕ್ಕಿದ್ದು 2016ರಲ್ಲಿ, ಅದೂ ಬಹಳ ಜನ ನಿರೀಕ್ಷಿಸದ ಕಡೆ. ಆರನೇ ಕ್ರೋಮೋಸೋಮಿನಲ್ಲಿರುವ ಸಿ4 ರೋಗನಿರೋಧಕ ವ್ಯವಸ್ಥೆಯ ಜೀನ್. ರಕ್ತದಲ್ಲಿ ಅದರ ಕೆಲಸ ಬ್ಯಾಕ್ಟೀರಿಯಾಗಳ ಮೇಲೆ 'ಇದನ್ನು ತಿನ್ನಿ' ಎಂದು ಗುರುತು ಹಾಕುವುದು. ಮಿದುಳಿನಲ್ಲಿ ಇದೇ ಗುರುತು ಕೊಂಡಿಗಳ ಮೇಲೆ ಬೀಳುತ್ತದೆ. ಮೈಕ್ರೋಗ್ಲಿಯಾ ಎಂಬ ಕೋಶಗಳು ಬಂದು ಅವನ್ನು ನುಂಗುತ್ತವೆ. ಈ ಜೀನಿನ ಪ್ರತಿಗಳು ಒಬ್ಬೊಬ್ಬರಲ್ಲಿ ಒಂದೊಂದು ಲೆಕ್ಕದಲ್ಲಿರುತ್ತವೆ. ಸಿ4ಎ ಎಂಬ ಬಗೆ ಹೆಚ್ಚು ತಯಾರಾಗುವವರಲ್ಲಿ ಕಾಯಿಲೆಯ ಸಾಧ್ಯತೆಯೂ ಹೆಚ್ಚು. ಇಲಿಗಳಲ್ಲಿ ಸಿ4 ಇಲ್ಲದಂತೆ ಮಾಡಿದಾಗ ಕೊಂಡಿ ಕೀಳುವ ಕೆಲಸವೇ ಕುಗ್ಗಿತು. ಸೋಂಕಿನಿಂದ ಕಾಪಾಡುವ ಸಾಮಾನೇ ಯೋಚನೆಯ ದಾರಿಗೆ ಕೈಹಾಕುತ್ತದೆ ಎನ್ನುವುದು ನನಗಂತೂ ಇವತ್ತಿಗೂ ಬೆರಗು.

ಹಾಗಂತ 'ತಾಯಿ ಕಡೆಯಿಂದ ಬಂದಿದ್ದು' ಎಂದು ಸೊಸೆಯ ತವರನ್ನು ಬೈಯಲು ಇದನ್ನು ಹಿಡಿದುಕೊಳ್ಳಬೇಡಿ. ಸಿ4 ಒಂದರಿಂದ ಅಪಾಯ ಏರುವುದು ಸ್ವಲ್ಪವೇ. 2022ರ ಹೊತ್ತಿಗೆ ನಮ್ಮ ಜೀನೋಮಿನಲ್ಲಿ, ಅಂದರೆ ಎಲ್ಲ ಜೀನುಗಳಿರುವ ಒಟ್ಟು ಡಿಎನ್ಎಯಲ್ಲಿ, ಈ ಕಾಯಿಲೆಗೆ ನಂಟಿರುವ 287 ತಾಣಗಳು ಸಿಕ್ಕಿದ್ದವು. ಅವು ಎರಡೂ ಕಡೆಯಿಂದ ಬರುತ್ತವೆ, ಆರೋಗ್ಯವಾಗಿರುವವರಲ್ಲೂ ಇರುತ್ತವೆ. ಒಂದೇ ಜೀನುಗಳಿರುವ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಬಂದರೂ, ಅರ್ಧಕ್ಕಿಂತ ಹೆಚ್ಚು ಸಲ ಇನ್ನೊಬ್ಬರಿಗೆ ಬರುವುದಿಲ್ಲ. ಹರೆಯದಲ್ಲಿ ಸೇದುವ ಗಾಂಜಾದಂಥವೂ ಈ ಲೆಕ್ಕದಲ್ಲಿ ಸೇರುತ್ತವೆ.

ಕೊಂಡಿ ಕೀಳುವುದನ್ನು ತಡೆಯುವ ಮಾತ್ರೆ ಇನ್ನೂ ಬಂದಿಲ್ಲ. ಈಗ ಕೊಡುವ ಮಾತ್ರೆಗಳಲ್ಲಿ ಹೆಚ್ಚಿನವು ಮಿದುಳಿನ ಡೋಪಮೈನ್ ಎಂಬ ರಾಸಾಯನಿಕವನ್ನು ಹತೋಟಿಗೆ ತರುವಂಥವು. ಅವುಗಳಿಂದ ಬಹಳ ಜನರಿಗೆ ಆ ಬೈಗುಳದ ದನಿ ತಗ್ಗುತ್ತದೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡರಲ್ಲೂ ಮನೋವೈದ್ಯರಿದ್ದಾರೆ. ಮೊದಲು ಫೋನಿನಲ್ಲಿ ಕೇಳೋಣ ಎನ್ನುವವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ: 14416, ಕನ್ನಡದಲ್ಲೇ ಮಾತಾಡಬಹುದು.