ಎಡುವಾರ್ಡೊ ಕೊಟಿನ್ಯೊ: 17 ವರ್ಷ ನಿಂತಿದ್ದ ಶೂಟಿಂಗ್

ಪರೀಕ್ಷೆಯಲ್ಲಿ ಬ್ರೆಜಿಲಿನ ಸಾಕ್ಷ್ಯಚಿತ್ರ ನಿರ್ದೇಶಕ ಕೊಟಿನ್ಯೊ ಬಗ್ಗೆ ಬರೆಯುವಾಗ ಇಸವಿಗಳ ಪಟ್ಟಿ ಕೊಟ್ಟು ಮುಗಿಸಬೇಡಿ. ಒಂದು ಸಿನಿಮಾ ಸರಿಯಾಗಿ ಅರ್ಥವಾದರೆ ಉಳಿದದ್ದು ತಾನಾಗಿ ಬರುತ್ತದೆ.

ಹುಟ್ಟಿದ್ದು 1933ರಲ್ಲಿ, ಸಾವೊ ಪಾಲೊದಲ್ಲಿ. 1957ರಲ್ಲಿ ಟಿವಿ ಕ್ವಿಜ್ ಒಂದರಲ್ಲಿ ಚಾಪ್ಲಿನ್ ಬಗ್ಗೆ ಉತ್ತರ ಹೇಳಿ ದುಡ್ಡು ಗೆದ್ದರು. ಆ ದುಡ್ಡಲ್ಲೇ ಯುರೋಪಿಗೆ ಹೋಗಿ ಪ್ಯಾರಿಸ್ಸಿನಲ್ಲಿ ಸಿನಿಮಾ ಕಲಿತರು. ಎಂಥ ಅದೃಷ್ಟ ಅಲ್ವಾ!

ಈಗ ಮುಖ್ಯ ವಿಷಯ. ಬ್ರೆಜಿಲಿನ ಪರಾಯಿಬಾ ರಾಜ್ಯದ ರೈತ ಮುಖಂಡ ಜೊವಾವ್ ಪೆದ್ರೊ ತೆಶೇಯ್ರಾ ಅವರನ್ನು 1962ರಲ್ಲಿ ಕೊಂದರು. ಅವರ ಕಥೆಯನ್ನು ಕೊಟಿನ್ಯೊ 1964ರಲ್ಲಿ ಚಿತ್ರೀಕರಿಸಲು ಹೊರಟರು. ನಟರೆಲ್ಲ ರೈತರೇ. ಹೆಂಡತಿಯ ಪಾತ್ರದಲ್ಲಿ ಜೊವಾವ್ ಅವರ ನಿಜವಾದ ಹೆಂಡತಿ ಎಲಿಜಬೆತ್. ಅಷ್ಟರಲ್ಲಿ ಮಿಲಿಟರಿ ದಂಗೆ, ದೇಶದ ಅಧಿಕಾರ ಸೈನ್ಯದ ಕೈಗೆ. ಸೈನ್ಯ ಬಂದು ಸಾಮಾನು ಕಿತ್ತುಕೊಂಡಿತು, ಕೆಲವರನ್ನು ಹಿಡಿದುಕೊಂಡು ಹೋಯಿತು. ರಿಯೊದ ಲ್ಯಾಬಿಗೆ ಮೊದಲೇ ಕಳಿಸಿದ್ದ ನೆಗೆಟಿವ್ ಮಾತ್ರ ಉಳಿಯಿತು.

ಆಮೇಲೆ, 1975ರಿಂದ, ಬ್ರೆಜಿಲಿನ ಗ್ಲೋಬೊ ಟಿವಿಯ ಸಾಕ್ಷ್ಯಚಿತ್ರ ವಿಭಾಗದಲ್ಲಿ ನೌಕರಿ. ಇದನ್ನು ಸುಮ್ನೆ ಹೊಟ್ಟೆಪಾಡು ಅಂದುಕೊಳ್ಳಬೇಡಿ. 1978ರ 'ತೆಯೊದೊರಿಕೊ' ಚಿತ್ರದಲ್ಲಿ ಒಬ್ಬ ಜಮೀನ್ದಾರ ತನ್ನ ಕಥೆ ತಾನೇ ಹೇಳುತ್ತಾನೆ. ಎದುರಿನವರನ್ನು ಮಾತಾಡಲು ಬಿಡುವ ಕಲೆ ಅವರಿಗೆ ಟಿವಿಯಲ್ಲೇ ಪಳಗಿತು ಅಂತ ನನ್ನ ಅನಿಸಿಕೆ.

1981ರಲ್ಲಿ ಹಳೇ ರೀಲು ಹಿಡಿದು ಹಳ್ಳಿಗೆ ವಾಪಸ್ ಹೋದರು. ಅರ್ಧಕ್ಕೆ ನಿಂತ ಕಥೆಯನ್ನು ಮುಗಿಸಲಿಲ್ಲ. ಅದನ್ನು ಆ ರೈತರಿಗೇ ತೋರಿಸಿ, ಅವರು ನೋಡುವುದನ್ನು ಶೂಟ್ ಮಾಡಿದರು. ಎಲಿಜಬೆತ್ ಆಗ 'ಮಾರ್ತಾ' ಎಂಬ ಸುಳ್ಳು ಹೆಸರಲ್ಲಿ ಬೇರೆ ರಾಜ್ಯದಲ್ಲಿ ತಲೆಮರೆಸಿಕೊಂಡಿದ್ದರು. 11 ಮಕ್ಕಳ ತಾಯಿ, ಮಕ್ಕಳು ದಿಕ್ಕಾಪಾಲು. ಚಿತ್ರ 1984ರಲ್ಲಿ ಹೊರಬಂತು. ಹೆಸರು 'ಕಾಬ್ರಾ ಮಾರ್ಕಾದೊ ಪರಾ ಮೊರೇರ್', ಸಾಯಲೆಂದು ಗುರುತಾದವನು. ಕಾಬ್ರಾ ಅಂದರೆ ಮೇಕೆ. ಆ ಕಡೆಯ ಆಡುಮಾತಿನಲ್ಲಿ 'ಆಸಾಮಿ' ಅನ್ನೋ ಅರ್ಥವೂ ಉಂಟು.

ಮುಂದಿನ ಚಿತ್ರಗಳಲ್ಲಿ ತಮಗೆ ತಾವೇ ಕಟ್ಟು ಹಾಕಿಕೊಂಡರು. 2002ರ 'ಎದಿಫೀಸಿಯೊ ಮಾಸ್ಟರ್' ರಿಯೊದ ಕೊಪಕಬಾನಾ ಬಡಾವಣೆಯ ಒಂದೇ ಕಟ್ಟಡದ ಬಾಗಿಲು ದಾಟುವುದಿಲ್ಲ. ಅಲ್ಲಿ 276 ಮನೆಗಳು. 2007ರ 'ಜೋಗೊ ದೆ ಸೇನಾ' ಇನ್ನೂ ಕಿಲಾಡಿ: ಪತ್ರಿಕೆ ಜಾಹೀರಾತು ನೋಡಿ ಬಂದ ಹೆಂಗಸರು ತಮ್ಮ ಕಥೆ ಹೇಳುತ್ತಾರೆ, ಅದನ್ನೇ ನಟಿಯರೂ ಹೇಳುತ್ತಾರೆ. ಯಾರ ಕಣ್ಣೀರು ಯಾರದ್ದು ಅಂತ ಗೊತ್ತಾಗದೆ ಪೇಚಿಗೆ ಬೀಳುತ್ತೇವೆ.

2014ರಲ್ಲಿ ರಿಯೊದ ಮನೆಯಲ್ಲೇ ಅವರ ಕೊಲೆಯಾಯಿತು.

ಪರೀಕ್ಷೆಗೆ ಒಂದೇ ದೃಶ್ಯ ನೆನಪಿಟ್ಟುಕೊಳ್ಳುವುದಾದರೆ 'ಕಾಬ್ರಾ' ಚಿತ್ರದಲ್ಲಿ ಎಲಿಜಬೆತ್ ತಂಡವನ್ನು ಬೀಳ್ಕೊಡುವುದನ್ನು ಇಟ್ಟುಕೊಳ್ಳಿ. ಮೊದಲ ಭೇಟಿಯಲ್ಲಿ ಮಗ ಪಕ್ಕದಲ್ಲಿದ್ದಾಗ ಅವರದ್ದು ಅಳೆದು ತೂಗಿದ ಮಾತು, ದೇಶದ ಅಧ್ಯಕ್ಷರಿಗೆ ಕೃತಜ್ಞತೆ ಬೇರೆ. ಕೊನೆಗೆ ತಂಡ ಕಾರು ಹತ್ತಿ ಹೊರಡುತ್ತಿದೆ. ಆಗ ಅವರು ಹೋರಾಟ ನಿಲ್ಲುವುದಿಲ್ಲ ಅಂತ ಶುರು ಮಾಡುತ್ತಾರೆ. ಕ್ಯಾಮೆರಾ ಇನ್ನೂ ಓಡುತ್ತಲೇ ಇದೆ.