ಸ್ಪರ್ಶಕ, ಟ್ಯಾನ್ ಮತ್ತು ಲಕ್ಕುಂಡಿಯ ಕಂಬ

ಹತ್ತನೇ ತರಗತಿಯಲ್ಲಿ ಕಲಿತ ವ್ಯಾಖ್ಯೆ ಚಿಕ್ಕದು. ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಸರಳರೇಖೆಯೇ ಸ್ಪರ್ಶಕ, ಇಂಗ್ಲಿಷಿನಲ್ಲಿ ಟ್ಯಾಂಜೆಂಟ್. ವೃತ್ತದ ಮಟ್ಟಿಗೆ ಇಷ್ಟು ಸಾಕು. ಪಿಯುಸಿಗೆ ಬಂದ ಮೇಲೂ ಇದನ್ನೇ ಹಿಡಿದುಕೊಂಡು ಕೂತರೆ ಕೆಡುತ್ತದೆ.

ವೈ = ಎಕ್ಸ್‌ನ ವರ್ಗ ಎಂಬ ವಕ್ರರೇಖೆ ತಗೊಳ್ಳಿ. ನೆಟ್ಟಗೆ ನಿಂತ ಯಾವುದೇ ಗೆರೆ ಅದನ್ನು ಒಂದೇ ಬಿಂದುವಿನಲ್ಲಿ ಸೇರುತ್ತದೆ. ಆದರೂ ಅದು ಸ್ಪರ್ಶಕ ಅಲ್ಲ, ಸುಮ್ನೆ ದಾಟಿ ಹೋಗುವ ಗೆರೆ. ಇನ್ನು ವೈ = ಎಕ್ಸ್‌ನ ಘನ ನೋಡಿ. ಮೂಲಬಿಂದುವಿನಲ್ಲಿ ಎಕ್ಸ್ ಅಕ್ಷವೇ ಅದರ ಸ್ಪರ್ಶಕ, ಆದರೆ ವಕ್ರರೇಖೆ ಅದನ್ನೇ ದಾಟಿ ಆಚೆ ಹೋಗುತ್ತದೆ! ಹಾಗಾಗಿ ಎಷ್ಟು ಕಡೆ ಮುಟ್ಟಿತು ಅಂತ ಎಣಿಸಬೇಡಿ. ಆ ಬಿಂದುವಿನಲ್ಲಿ ವಕ್ರರೇಖೆ ಯಾವ ದಿಕ್ಕಿಗೆ ಹೊರಟಿದೆ, ಅದನ್ನು ನೋಡಿ.

ದಿಕ್ಕು ಸಿಗುವುದು ಛೇದಕದಿಂದ, ಅಂದರೆ ವಕ್ರರೇಖೆಯ ಎರಡು ಬಿಂದುಗಳನ್ನು ಸೇರಿಸುವ ಗೆರೆಯಿಂದ. ವರ್ಗದ ವಕ್ರರೇಖೆಯ ಮೇಲೆ ಎಕ್ಸ್ = 1 ಮತ್ತು ಎಕ್ಸ್ = 1.1 ಬಿಂದುಗಳನ್ನು ಸೇರಿಸಿದರೆ ಇಳಿಜಾರು 2.1. ಎರಡನೇ ಬಿಂದುವನ್ನು 1.01ಕ್ಕೆ ತಂದರೆ 2.01. ಇನ್ನೂ ಹತ್ತಿರ ತಂದಷ್ಟೂ 2ರ ಕಡೆಗೇ ಹೋಗುತ್ತದೆ. ಆ 2 ಸ್ಪರ್ಶಕದ ಇಳಿಜಾರು.

ಮಳೆಗಾಲದಲ್ಲಿ ನವಲಗುಂದದ ಕಡೆ ಎರೆಹೊಲದಿಂದ ಟ್ರ್ಯಾಕ್ಟರ್ ಡಾಂಬರು ರಸ್ತೆಗೆ ಹತ್ತಿದಾಗ ಗಾಲಿ ಗಮನಿಸಿ. ಟ್ರ್ಯಾಕ್ಟರ್ ಮೇಲೆ ಕೂತವರಿಗೆ, ಕಿತ್ತುಬಂದ ಮಣ್ಣಿನ ಹೆಂಟೆ ಗಾಲಿಯ ಸ್ಪರ್ಶಕದ ದಿಕ್ಕಿಗೆ ಹೊರಟಂತೆ ಕಾಣುತ್ತದೆ. ಕೇಂದ್ರದಿಂದ ನೇರ ಹೊರಗೆ ಸಿಡಿಯುತ್ತದೆ ಅಂತ ಜಾಸ್ತಿ ಜನ ಬರೆಯುತ್ತಾರೆ, ಅದು ತಪ್ಪು. ಮಾತಿನಲ್ಲಿ ‘ಟ್ಯಾಂಜೆಂಟ್‌ನಲ್ಲಿ ಹೋದ’ ಅನ್ನುವುದೂ ಇದೇ ಚಿತ್ರ. ಬೆಳೆವಿಮೆ ಬಗ್ಗೆ ಶುರುವಾದ ಮಾತು ಅಳಿಯನ ಸೈಟಿನ ಕಡೆ ಹೋಗಿ, ವಾಪಸ್ ಬರಲೇ ಇಲ್ಲ ಅಂದ್ರೆ ಹೀಗನ್ನುತ್ತಾರೆ.

ಈಗ ಗದಗ ಹತ್ತಿರದ ಲಕ್ಕುಂಡಿ. ಅಲ್ಲಿನ ಗುಡಿಗಳಲ್ಲಿ ತಿರುಗಣೆಯಲ್ಲಿ ಕಡೆದ ದುಂಡು ಕಂಬಗಳಿವೆ. ಕಂಬದ ಕೇಂದ್ರ ಕಲ್ಲಿನ ಒಳಗಿದೆ, ತ್ರಿಜ್ಯ ಅಳೆಯುವುದು ಹೇಗೆ? ಬಡಗಿಯ ಬಳಿ ಇರುವ ಎಲ್ ಆಕಾರದ ಪಟ್ಟಿಯನ್ನು ಮಟ್ಟವಾಗಿ ಹಿಡಿದು, ಎರಡೂ ತೋಳು ದುಂಡಿಗೆ ತಾಗುವಂತೆ ಒತ್ತಬೇಕು. ಮೂಲೆಯಿಂದ ತಾಗಿದ ಜಾಗದವರೆಗಿನ ಉದ್ದವೇ ತ್ರಿಜ್ಯ! ಸ್ಪರ್ಶ ಬಿಂದುವಿನಲ್ಲಿ ತ್ರಿಜ್ಯ ಸ್ಪರ್ಶಕಕ್ಕೆ ಲಂಬ, ಪಟ್ಟಿಯ ಮೂಲೆಯೂ 90°. ಒಂದೇ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳ ಉದ್ದ ಸಮ. ಅಲ್ಲಿಗೆ ಕೇಂದ್ರ, ಮೂಲೆ, ಎರಡು ಸ್ಪರ್ಶ ಬಿಂದು ಸೇರಿ ಚೌಕ ಆಯಿತು. (ಹಳೇ ಕಲ್ಲಿಗೆ ಪಟ್ಟಿ ಗೀರಬೇಡಿ. ಮನೆಯ ಹಿಟ್ಟಿನ ಡಬ್ಬಿಯ ಮೇಲೆ ಮಾಡಿ ನೋಡಿ, ಸಾಕು.)

ತ್ರಿಕೋನಮಿತಿಯ ಟ್ಯಾನ್‌ಗೂ ಇದೇ ಹೆಸರು ಯಾಕೆ? 1583ರಲ್ಲಿ ಡೆನ್ಮಾರ್ಕಿನ ಥಾಮಸ್ ಫಿಂಕೆ ಟ್ಯಾಂಜೆಂಟ್ ಅನ್ನುವ ಹೆಸರನ್ನು ಬಳಕೆಗೆ ತಂದ. ತ್ರಿಜ್ಯ 1 ಇರುವ ವೃತ್ತ ಬರೆದು, ಬಲತುದಿಯಲ್ಲಿ ನೆಟ್ಟಗೆ ಸ್ಪರ್ಶಕ ಎಳೆಯಿರಿ. ಕೇಂದ್ರದಿಂದ ಕೋನಕ್ಕೆ ತಕ್ಕಂತೆ ಒಂದು ಕಿರಣ ಬಿಡಿ. ಅದು ಸ್ಪರ್ಶಕವನ್ನು ಎಷ್ಟು ಎತ್ತರದಲ್ಲಿ ಸೇರುತ್ತದೋ ಅಷ್ಟೇ ಟ್ಯಾನ್, ಯಾಕಂದ್ರೆ ಟ್ಯಾನ್ ಅಂದರೆ ಕೋನದ ಎದುರಿನ ಬಾಹುವನ್ನು ಪಾರ್ಶ್ವ ಬಾಹುವಿನಿಂದ ಭಾಗಿಸಿದ್ದು, ಇಲ್ಲಿ ಪಾರ್ಶ್ವ ಬಾಹು 1. 45°ಗೆ ಎತ್ತರ 1, 60°ಗೆ 1.732, 89°ಗೆ 57.29. 90°ಗೆ ಕಿರಣ ಸ್ಪರ್ಶಕಕ್ಕೆ ಸಮಾಂತರ, ಸೇರುವುದೇ ಇಲ್ಲ. ಕೋಷ್ಟಕದಲ್ಲಿ ಆ ಜಾಗಕ್ಕೆ ಬೆಲೆ ಇಲ್ಲದ್ದು ಇದಕ್ಕೇ. ಬಾಯಿಪಾಠ ಮಾಡುವ ಬದಲು ಈ ಚಿತ್ರ ಒಮ್ಮೆ ಬರೆಯಿರಿ.

ಇಳಿಜಾರು ಅನ್ನುವುದೂ ಗೆರೆ ಎಕ್ಸ್ ಅಕ್ಷದ ಜೊತೆ ಮಾಡುವ ಕೋನದ ಟ್ಯಾನ್ ಅಲ್ವಾ? ಮೇಲೆ ಸಿಕ್ಕ 2ಕ್ಕೆ ಆ ಕೋನ ಸುಮಾರು 63.4°.