ಅನ್‌ಕ್ಯಾಪ್ಡ್: ಟೋಪಿ ಸಿಗದವರು

ಬಂಗಾರಪೇಟೆಯಲ್ಲಿ ಪಾನಿಪುರಿ ತಿನ್ನುತ್ತಿದ್ದೆವು. ಅಕ್ಕನ ಮಗ ಮೊಬೈಲ್‌ನಲ್ಲಿ ಐಪಿಎಲ್ ಹರಾಜಿನ ಪಟ್ಟಿ ನೋಡುತ್ತಿದ್ದ. ‘ಮಾಮ, ಅನ್‌ಕ್ಯಾಪ್ಡ್ ಅಂದ್ರೆ ಟೋಪಿ ಇಲ್ದೋನಾ?’ ಅಂದ. ನಗು ಬಂತು. ಆದರೆ ಅವನು ಹೇಳಿದ್ದು ಸರಿಯಾಗೇ ಇತ್ತು.

1886ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಒಂದು ತೀರ್ಮಾನ ಮಾಡಿತು. ದೇಶದ ಪರ ಆಡಿದವರಿಗೆ ಬಿಳಿ ರೇಷ್ಮೆಯ ಟೋಪಿ ಕೊಡಬೇಕು, ಮೇಲೆ ಕೆಂಪು ಗುಲಾಬಿಯ ಕಸೂತಿ ಇರಬೇಕು. ಆಮೇಲೆ ದೇಶಕ್ಕಾಗಿ ಆಡಿದ ಒಂದೊಂದು ಪಂದ್ಯಕ್ಕೂ ‘ಕ್ಯಾಪ್’ ಅನ್ನುವುದು ರೂಢಿಯಾಯಿತು. ನಮ್ಮ ಸುನಿಲ್ ಛೆಟ್ರಿಗೆ ತಲೆ ಒಂದೇ, ಲೆಕ್ಕದಲ್ಲಿ ಟೋಪಿ 150ಕ್ಕೂ ಜಾಸ್ತಿ.

ಸೀನಿಯರ್ ತಂಡಕ್ಕೆ ಒಂದೂ ಪಂದ್ಯ ಆಡದವನು ಅನ್‌ಕ್ಯಾಪ್ಡ್. ಜೂನಿಯರ್ ತಂಡ, ‘ಬಿ’ ತಂಡದ ಆಟ ಲೆಕ್ಕಕ್ಕಿಲ್ಲ. 90 ನಿಮಿಷ ಬೆಂಚಿನಲ್ಲಿ ಕೂತರೂ ಇಲ್ಲ. ಕೊನೇ ಒಂದು ನಿಮಿಷ ಮೈದಾನಕ್ಕಿಳಿದರೆ ಸಾಕು, ಟೋಪಿ ಬಂತು! (ಐಪಿಎಲ್ ಲೆಕ್ಕವೇ ಬೇರೆ. ಅಲ್ಲಿ 2025ರ ಸೀಸನ್‌ಗೆ ಧೋನಿಯೇ ಅನ್‌ಕ್ಯಾಪ್ಡ್ ಆಗಿದ್ದರು. ಅದನ್ನು ಬಿಡಿ.)

ತಮಾಷೆ ನೋಡಿ. ನಮ್ಮ ಮಾತಲ್ಲಿ ಟೋಪಿ ಹಾಕಿಸಿಕೊಂಡವನು ಮೋಸ ಹೋದವನು. ಫುಟ್‌ಬಾಲ್‌ನಲ್ಲಿ ಟೋಪಿ ಸಿಗದವನಿಗೇ ಮೋಸ.

ಮಿಕೆಲ್ ಆರ್ಟೆಟಾ ಸ್ಪೇನಿನ ಜೂನಿಯರ್ ತಂಡಗಳಲ್ಲಿ ಆಡಿದ್ದರು. ಆದರೆ ಅವರ ಜಾಗದಲ್ಲಿ ಚಾವಿ, ಇನಿಯೆಸ್ಟಾ, ಅಲೊನ್ಸೊ ಇದ್ದರು. ಆ ಸ್ಪೇನ್ 2010ರ ವಿಶ್ವಕಪ್ ಗೆದ್ದ ತಂಡ. ಆರ್ಟೆಟಾ ಇಂಗ್ಲೆಂಡಿನ ಕ್ಲಬ್‌ಗಳಲ್ಲಿ ಆಡುತ್ತಿದ್ದರಿಂದ ಇಂಗ್ಲೆಂಡಿಗೆ ಆಡಿಸೋಣ ಎಂಬ ಮಾತೂ ಬಂತು. ಸ್ಪೇನಿನ ಜೂನಿಯರ್ ತಂಡಕ್ಕೆ ಆಡುವಾಗ ಬ್ರಿಟಿಷ್ ಪೌರತ್ವ ಇರಲಿಲ್ಲವಲ್ಲ, ನಿಯಮ ಅಡ್ಡ ಬಂತು. ಇದಾದರೂ ಅರ್ಥವಾಗುತ್ತದೆ. ನನಗೆ ಅರಗದಿರುವುದು ಇಂಗ್ಲೆಂಡಿನ ಇಬ್ಬರ ಕಥೆ. ಡೆನಿಸ್ ಮಾರ್ಟಿಮರ್ 1982ರಲ್ಲಿ ಆಸ್ಟನ್ ವಿಲ್ಲಾ ಕ್ಲಬ್ಬಿನ ನಾಯಕನಾಗಿ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟ್ರೋಫಿಯಾದ ಯುರೋಪಿಯನ್ ಕಪ್ಪನ್ನೇ ಎತ್ತಿ ಹಿಡಿದವರು. ಸ್ಟೀವ್ ಬ್ರೂಸ್ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ 3 ಸಲ ಪ್ರೀಮಿಯರ್ ಲೀಗ್ ಗೆದ್ದವರು. ಇಬ್ಬರಿಗೂ ಒಂದೂ ಕ್ಯಾಪ್ ಇಲ್ಲ!

ಕೆಜಿಎಫ್‌ನ ಗಣಿ ಲೈನುಗಳಲ್ಲಿ ಬೆಳೆದ ಪರಿಚಯದ ಹಿರಿಯರೊಬ್ಬರು ಹಳೇ ಆಟಗಾರರ ಬಗ್ಗೆ ಹೇಳುತ್ತಿರುತ್ತಾರೆ: ‘ಒಳ್ಳೆ ಪ್ಲೇಯರ್. ಸ್ಟೇಟ್ ಆಡಿದ್ದ. ಇಂಡಿಯಾ ಆಡ್ಲಿಲ್ಲ, ಅಷ್ಟೆ.’ ಅನ್‌ಕ್ಯಾಪ್ಡ್ ಪದಕ್ಕೆ ಇದಕ್ಕಿಂತ ಒಳ್ಳೆ ಕನ್ನಡ ನನಗೆ ಸಿಕ್ಕಿಲ್ಲ. ಎಲ್ಲಾ ಇರುವುದು ಆ ‘ಅಷ್ಟೆ’ಯಲ್ಲೇ, ಅಲ್ವಾ?

ಹುಡುಗನಿಗೆ ಇಷ್ಟವಾಗಿದ್ದು ಮಾತ್ರ ಅರ್ಜೆಂಟೀನಾದ ಕಾರ್ಲೊವಿಚ್. 1974ರಲ್ಲಿ ಅಲ್ಲಿನ ರಾಷ್ಟ್ರೀಯ ತಂಡ ವಿಶ್ವಕಪ್‌ಗೆ ಮೊದಲು ರೊಸಾರಿಯೊ ಊರಿನ ತಂಡದ ಜೊತೆ ಒಂದು ಪಂದ್ಯ ಆಡಿತು. ಊರಿನ ಎರಡು ದೊಡ್ಡ ಕ್ಲಬ್‌ಗಳಿಂದ ತಲಾ 5 ಜನ, ಜೊತೆಗೆ ಕೆಳಗಿನ ದರ್ಜೆಯ ಕ್ಲಬ್ಬಿನಿಂದ ಇವನೊಬ್ಬ. ಊರಿನವರೇ 3-1ರಲ್ಲಿ ಗೆದ್ದರು. ಮುಂದೆ ರಾಷ್ಟ್ರೀಯ ತಂಡದಿಂದ ಕರೆ ಬಂದಾಗ ಅವನು ಸುಮ್ನೆ ಮೀನು ಹಿಡಿಯಲು ಹೋಗಿಬಿಟ್ಟ ಅಂತ ಕಥೆ ಹೇಳುತ್ತಾರೆ. 2020ರಲ್ಲಿ ತೀರಿಕೊಂಡ. ಕೊನೆವರೆಗೂ ಅನ್‌ಕ್ಯಾಪ್ಡ್.

‘ಮೀನು ಸಿಕ್ತಂತಾ ಮಾಮ?’ ಅಂದ ನಮ್ಮ ಹುಡುಗ.